ಒಳಗಿನ ತ್ಯಾಪಿ

ಕೇಶ್ವಾಪುರದ ಬಂಗಲೆ ಖಾಲಿ ಮಾಡಿ ಹೋದ
ರೈಲ್ವೆ ಸಾಹೇಬರೊಬ್ಬರ ಸೋಫಾ.
ಮೂರು ಸಾವಿರದ ಇನ್ನೂರಕ್ಕೆ ಚೌಕಾಶಿ ಮಾಡಿ
ಟಂಟಂ ಮೇಲೆ ಹಗ್ಗ ಬಿಗಿದು ತಂದೆ.
ಗಣೇಶಪೇಟೆಯ ತಿರುವಿನಲ್ಲಿ ಒಂದು ಕಾಲು ಸಡಿಲಾಯಿತು.
ಓಣಿಯವರು ಬಂದು ಉಗುರಿನಿಂದ ಕೆರೆದು ನೋಡಿದರು:
ರೆಕ್ಸಿನ್ ಅಲ್ಲ ಬಿಡ್ರಿ, ಖರೇ ಎಮ್ಮಿ ತೊಗಲು.

ಕೈ ಇಡುವಲ್ಲಿ ಬಣ್ಣ ಹೋಗಿ
ಹೋದ ವಾರದ ಕಟಿ ರೊಟ್ಟಿಯ ಹಾಗೆ ಬಿರಿದಿದೆ.
ನಡುವಿನ ಆಸನದಲ್ಲಿ ಒಂದು ಗೇಣು ಹರುಕು.
ತಲೆ ಆನಿಸುವಲ್ಲಿ ಯಾರದೋ ತಲೆಯೆಣ್ಣೆಯ ಕರಿ ಚಂದ್ರ.
ಎಷ್ಟೋ ಭಾನುವಾರ ಅಲ್ಲಿ ಅವರು ನಿದ್ದೆ ಹೋಗಿರಬೇಕು.

ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು
ನೈಟಿಯ ಮೇಲೆ ಗಂಡನ ಹಳೆ ಅಂಗಿ ತೊಟ್ಟು ಕೂತೆ.
ಮೊದಲು ಒಣ ಬ್ರಶ್ಶು.
ಹೊಲಿಗೆಯ ಸಂದಿಯಿಂದ ಬಂದವು
ಶೇಂಗಾ ಸಿಪ್ಪೆ, ತಲೆಪಿನ್ನು, ಒಂದು ಎಂಟಾಣೆ,
ಲೋಂಡಾ ತನಕದ ರಟ್ಟಿನ ಟಿಕೇಟು.
ಆಮೇಲೆ ಸೋಪಿನ ನೊರೆ. ನೀರು ತಾಗಬಾರದು, ನೊರೆ ಮಾತ್ರ.
ಅರಿವೆ ಹಿಂಡಿ ಹಿಂಡಿ ಒರೆಸಿದಷ್ಟೂ
ಬಕೆಟ್ಟು ಚಹಾದ ಬಣ್ಣಕ್ಕೆ ತಿರುಗಿತು,
ತೊಗಲು ವಾಸನೆ ಬಿಟ್ಟಿತು.

ಆ ವಾಸನೆ ನಮ್ಮ ಮನೆಯೊಳಗೆ
ನನಗೆ ಬುದ್ಧಿ ಬಂದಾಗಿನಿಂದ ಕಾಲಿಟ್ಟಿರಲಿಲ್ಲ.
ನೌಕರಿಯ ಆರ್ಡರು ಬಂದ ವಾರವೇ
ಅಜ್ಜ ಗಾಳೆಪ್ಪನ ರಂಪಿಗಿ, ಆರಿ, ಅಡಿಗಲ್ಲು
ಯಾರಿಗೆ ಕೊಟ್ಟನೋ ಅಪ್ಪ, ಎಲ್ಲಿ ಹುಗಿದನೋ.
ಕಾಲಿಗೆ ಕ್ಯಾನ್ವಾಸ್ ಬೂಟು, ಸೊಂಟಕ್ಕೆ ನೂಲಿನ ಪಟ್ಟಿ,
ಕಿಸೆಯಲ್ಲಿ ಪ್ಲಾಸ್ಟಿಕ್ ಪಾಕೀಟು.
ಮೂವತ್ತೊಂದು ವರ್ಷ
ಪಾರ್ಸಲ್ ಆಫೀಸಿನ ದೊಡ್ಡ ಬುಕ್ಕಿನಲ್ಲಿ
ಮಾವು, ಮೆಣಸಿನಕಾಯಿ, ಸೈಕಲ್ಲು, ಸೀರೆಯ ಗಂಟು.
‘ತೊಗಲು’ ಎಂದು ಬಂದ ಮೂಟೆಗಳಿಗೂ
ಮುಖ ಎತ್ತದೆ ತೂಕ ಬರೆದ.

ಈಗ ಬಾಗಿಲಲ್ಲಿ ನಿಂತಿದ್ದಾನೆ, ಪೇಪರು ಮಡಚಿ ಹಿಡಿದು.
ಒಳಗೂ ಬರುವುದಿಲ್ಲ. ಹೋಗುವುದೂ ಇಲ್ಲ.

ದುರ್ಗದಬೈಲಿನಿಂದ ತಂದ ತುಂಡನ್ನು ಹರುಕಿನ ಮೇಲಿಟ್ಟು
ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದೆ.
“ಏನ್ ಮಾಡಾಕತ್ತಿ?”
“ತ್ಯಾಪಿ.”
“ಮ್ಯಾಲಿಂದ ಹಚ್ಚಿದ್ರ ಊರಿಗೆಲ್ಲಾ ಕಾಣತೈತಿ.
ಒಳಗಿಂದ ಹಚ್ಚು.”

ನೆಲಕ್ಕೆ ಕೂತ. ಮೊಣಕಾಲು ಎರಡು ಸಲ ಸದ್ದು ಮಾಡಿತು.
ಚಾಳೀಸು ಬೇಕಾಗಲಿಲ್ಲ.
ಹರುಕಿಗಿಂತ ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದ,
ಮೂಲೆ ದುಂಡು ಮಾಡಿದ.
“ಮೂಲಿ ಇದ್ರ ನಾಳೆ ಅಲ್ಲಿಂದನ ಏಳತೈತಿ.”
ನನ್ನ ತರಕಾರಿ ಚಾಕುವಿನಿಂದ ಅಂಚು ಹೆರೆದ,
ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ.
ಚಮಚದ ಹಿಡಿಯಿಂದ ಹರುಕಿನೊಳಗೆ ತೂರಿಸಿ
ಸುಕ್ಕಿಲ್ಲದ ಹಾಗೆ ಹಾಸಿದ,
ಕಡ್ಡಿಯಿಂದ ಅಂಟು ಸವರಿ ತುಟಿಗೆ ತುಟಿ ಕೂಡಿಸಿದ,
ಮೇಲೆ ನನ್ನ ಹತ್ತನೆಯ ತರಗತಿಯ ಗಣಿತ ಪುಸ್ತಕಗಳನ್ನು ಹೇರಿದ.
ಸಾಲಲಿಲ್ಲ. ಒಳಕಲ್ಲಿನ ಗುಂಡು ತರಿಸಿದ.

ಅಂಟು ಆರುವ ತನಕ ಸುಮ್ಮನೆ ಕೂತೆವು.
ಕೇಳಬಹುದಿತ್ತು ನಾನು:
ಎಷ್ಟು ವರ್ಷದವನಿದ್ದಿ, ಎಲ್ಲಿ ಕೂತು ಕಲಿತಿ,
ಯಾರ ಚಪ್ಪಲಿ, ಯಾವ ಬಾಗಿಲ ಹೊರಗೆ.
ಓಣಿಯಲ್ಲಿ ಕುಲ್ಫಿ ಗಾಡಿಯ ಗಂಟೆ ಬಂತು, ಹೋಯಿತು.

ಸಂಜೆ ಸ್ಪಂಜಿನಿಂದ ಮೂರು ಸಲ ಕಂದು ಬಣ್ಣ.
ರಾತ್ರಿ ಔಡಲೆಣ್ಣೆ ಎರಡು ಪಾಲು, ಜೇನುಮೇಣ ಒಂದು,
ಬಿಸಿನೀರಿನ ಪಾತೇಲಿಯಲ್ಲಿ ಬಟ್ಟಲಿಟ್ಟು ಕರಗಿಸಿ
ಅಂಗೈಯಿಂದಲೇ ತಿಕ್ಕಿದೆ.
ಬಿರುಕುಗಳು ಕುಡಿದವು, ಇನ್ನೂ ಕೇಳಿದವು.
ಬಣ್ಣ ಪೂರ್ತಿ ಕೂಡಲಿಲ್ಲ;
ಟ್ಯೂಬ್‌ಲೈಟಿಗೆ ಓರೆಯಾಗಿ ನೋಡಿದರೆ ಗೆರೆ ಉಂಟು.
ಅಪ್ಪ ಲೈಫ್‌ಬಾಯ್ ಹಚ್ಚಿ ಎರಡು ಸಲ ಕೈ ತೊಳೆದ,
“ನಾಳಿ ಸಂಜಿತನಕ ಯಾರೂ ಕುಂದ್ರಬ್ಯಾಡ್ರಿ” ಎಂದು ಮಲಗಿದ.

ಬೆಳಿಗ್ಗೆ ಬದನೆಕಾಯಿ ಹೆಚ್ಚಲು ತೆಗೆದರೆ
ಚಾಕು ಮುಟ್ಟುವ ಮೊದಲೇ ಕಾಯಿ ಸೀಳಿತು.
ಹಿತ್ತಲಲ್ಲಿ, ಅರಿವೆ ಒಗೆಯುವ ಕಲ್ಲಿನ ಅಂಚಿಗೆ
ಹೊಸ ಬೂದು ಗೆರೆಗಳು,
ಎಲ್ಲವೂ ಒಂದೇ ದಿಕ್ಕಿಗೆ.