ಅಂದಾಜುಪಟ್ಟಿ: ಹೌಗ್‌ಸೆಟ್ ಮನೆಯ ಮಾಡು

ಚದರ ಮೀಟರಿಗೆ ಎಷ್ಟು ಬೀಳುತ್ತದೆ,
ಒಂದೇ ಸಾಲಿನಲ್ಲಿ ತಿಳಿಸಿ ಎಂದಿರಿ, ಸ್ಟೆನ್ಸ್‌ರುದ್ ಅವರೇ.
ಒಂದೇ ಸಾಲಿನಲ್ಲಿ: ಎರಡೂವರೆ ಸಾವಿರ ಕ್ರೋನರ್.
ಇಲ್ಲಿಗೇ ಕಾಗದ ಮಡಚಬಹುದು ನೀವು.
ಆದರೆ ನಿನ್ನೆ ನಿಮ್ಮ ಹಳೆಯ ಮಾಡು ಕಿತ್ತೆ.
ಅದಕ್ಕೇ ಇಷ್ಟುದ್ದ.

ಮೊದಲು ತೂಕದ ಮಾತು.
ಒಣಗಿದ್ದಾಗ ಚದರ ಮೀಟರಿಗೆ ಕಾಲು ಟನ್ನು,
ನೆನೆದು, ಮೇಲೆ ಹಿಮ ಕೂತರೆ ಅದರ ಎರಡರಷ್ಟು.
ಓಸ್ಲೋದ ನಿಮ್ಮ ಇಂಜಿನಿಯರು ಹೆದರಿದ್ದು ಸರಿಯೇ.
ಆದರೆ ದಿಮ್ಮಿಯ ಗೋಡೆಗೆ ಭಾರ ಬೇಕು.
ಹೊತ್ತರೇನೇ ದಿಮ್ಮಿಗೆ ದಿಮ್ಮಿ ಒತ್ತಿ ಕೂತು
ಸಂದಿನ ಚಳಿಗಾಳಿ ನಿಲ್ಲುವುದು.
ತಗಡು ಹೊದಿಸಿದ ಮನೆ ಚಳಿಗಾಲವಿಡೀ ಸಿಳ್ಳೆ ಹಾಕುತ್ತದೆ,
ನೆರೆಮನೆಯ ಆಸ್ಲಾವ್‌ನನ್ನು ಕೇಳಿ ನೋಡಿ.

ಹಲಗೆಯ ಮೇಲೆ ಭೂರ್ಜದ ತೊಗಟೆ.
ಬೇಸಿಗೆ ಕಣ್ತೆರೆಯುವಾಗ, ಮರದಲ್ಲಿ ರಸ ಏರುವ ಮೂರೇ ವಾರ
ಅದು ಅಂಗಿ ಕಳಚಿದಷ್ಟು ಸಲೀಸಾಗಿ ಬರುತ್ತದೆ.
ಆಮೇಲೆ ಎಳೆದರೆ ಚರ್ಮ ಸುಲಿದ ಹಾಗೆ.
ಸುರುಳಿ ಸುತ್ತಿಕೊಳ್ಳುವ ಹಟ ಅದಕ್ಕೆ,
ಕಲ್ಲು ಹೇರಿ ಮಲಗಿಸಬೇಕು.
ಕೆಳಗಿನಂಚಿನಿಂದ ಶುರು, ಮೀನಿನ ಹುರುಪೆಯಂತೆ
ಒಂದರ ಮೇಲೊಂದು, ಎಂಟು ಪದರ. ಮೊಳೆ ಇಲ್ಲ.
ಹಿಡಿದಿಡುವುದು ಮಣ್ಣಿನ ಭಾರವೇ.
ಎಲ್ಲೋ ದೂರದೇಶದಲ್ಲಿ ಇದರ ಮೇಲೆ ಶಾಸ್ತ್ರ ಬರೆಯುತ್ತಿದ್ದರಂತೆ.
ಸೇಟೆಸ್‌ದಾಲ್ ಕಣಿವೆಯ ನಾವು
ಇದರ ಕೆಳಗೆ ಮಲಗಿ ಗೊರಕೆ ಹೊಡೆದವರು.

ಈಗ ಉಬ್ಬುಬ್ಬಾದ ಪ್ಲಾಸ್ಟಿಕ್ ಹಾಳೆ ಬಂದಿದೆ,
ಅಗ್ಗ, ಬಾಳಿಕೆಯೂ ಹೆಚ್ಚು ಎನ್ನುತ್ತಾರೆ.
ಬೇಕಾದರೆ ಅದನ್ನೇ ಹಾಕಿಕೊಡುತ್ತೇನೆ, ನನಗೇನೂ ಮಡಿಮೈಲಿಗೆಯಿಲ್ಲ.

ಆಮೇಲೆ ಹುಲ್ಲಿನ ಹೆಂಟೆ.
ಹಳೇ ಗೋಮಾಳದ್ದೇ ಆಗಬೇಕು, ದನ ತುಳಿದು ಗಟ್ಟಿಯಾದದ್ದು.
ಮೊದಲ ಸಾಲು ಕವುಚಿ, ಹುಲ್ಲು ತೊಗಟೆಗೆ ಮುಖ ಮಾಡಿ,
ಮೇಲಿನದು ಅಂಗಾತ, ಆಕಾಶ ನೋಡುತ್ತ.
ನಡುವೆ ಬೇರಿಗೆ ಬೇರು. ಒಂದು ಬೇಸಿಗೆ ಸಾಕು,
ಯಾವುದು ಯಾರದೆಂದು ಅವಕ್ಕೇ ಮರೆತುಹೋಗುತ್ತದೆ.
ಸೂರಿನಂಚಿಗೆ ಅಡ್ಡ ಒಂದು ತೊಲೆ,
ಅದನ್ನು ತಡೆಯಲು ಜುನಿಪರಿನ ಕೊಕ್ಕೆಗಳು,
ಬುಡದಲ್ಲಿ ತಾನಾಗಿ ಬಾಗಿದವು. ಹುಡುಕಲು ಎರಡು ದಿನ.
ಆ ಎರಡು ದಿನ ಬಿಲ್ಲಿನಲ್ಲಿಲ್ಲ,
ಕಾಡು ಸುತ್ತುವುದು ನನ್ನ ಚಟ.

ವರ್ಷಕ್ಕೊಮ್ಮೆ ಹತ್ತಿ ನೋಡಿ.
ಹಕ್ಕಿ ಬಿತ್ತಿದ ಸಸಿಯಿದ್ದರೆ ಕಿತ್ತುಬಿಡಿ,
ಎಷ್ಟೇ ಚೆಂದ ಕಂಡರೂ.
ಆಡು ಹತ್ತಿದರೆ ಫೋಟೋ ತೆಗೆದು ಇಳಿಸಿ.

ಈಗ ನಿನ್ನೆಯ ವಿಷಯ.
ಬಡಗು ಮೂಲೆಯಲ್ಲಿ, ಮೂರನೇ ಪದರದಲ್ಲಿ,
ಒಂದು ತೊಗಟೆಯ ಒಳಮೈಗೆ ಚಾಕುಮೊನೆಯ ಗೀರು:
ಹದಿನಾಲ್ಕು ಹೆಸರು, ಮುಂದೆ ಗೆರೆಗಳು.
ಆ ಕಾಲಕ್ಕೆ ಮಾಡಿಗೆ ದುಡ್ಡು ಯಾರು ಕೊಡುತ್ತಿದ್ದರು?
ಮುಯ್ಯಾಳು. ನಿನ್ನ ಮಾಡಿಗೆ ನಾನು, ನನ್ನ ಹುಲ್ಲಿಗೆ ನೀನು.
ಹಗಲೆಲ್ಲ ಕೈ ಕೆಸರು, ಸಂಜೆ ಬಾಯಿಗೆ
ಹುಳಿಗೆನೆಯ ಗಂಜಿ, ಬೆಣ್ಣೆ ತೇಲುವಂತೆ.
ಯಾವುದೋ ಶರತ್ಕಾಲ ಮಾಡು ಸೋರಿದಾಗ
ಕೈಗೆ ಸಿಕ್ಕ ಲೆಕ್ಕದ ತೊಗಟೆಯನ್ನೇ ತೂರಿಸಿ ಮುಚ್ಚಿದ್ದಾರೆ.
ಹದಿಮೂರು ಹೆಸರಿಗೆ ಅಡ್ಡಗೆರೆ ಬಿದ್ದಿದೆ, ಮುಯ್ಯಿ ತೀರಿದೆ.
ಹದಿನಾಲ್ಕನೆಯದು ಗುನ್‌ವೋರ್ ಬಕ್ಕೆನ್.
ಒಂದು ಗೆರೆ. ಹಾಗೇ ಇದೆ.
ನನ್ನ ಅಜ್ಜಿ. ನನ್ನ ಹೆಸರೂ ಅದೇ.

ಸತ್ತವರ ಸಾಲ ವಸೂಲಿ ಮಾಡುವವಳಲ್ಲ ನಾನು.
ಆದರೆ ಮನೆ ಕೊಳ್ಳುವಾಗ ನೀವು ಸಹಿ ಹಾಕಿದ್ದು
ಇದ್ದದ್ದು ಇದ್ದ ಹಾಗೆ ಎಂಬ ಕಾಗದಕ್ಕೆ.
ಹಾಗಾಗಿ ಕೆಳಗೆ ಒಟ್ಟು ಮೊತ್ತ:
ಎಂಬತ್ತು ಚದರ ಮೀಟರಿಗೆ ಎರಡು ಲಕ್ಷ, ತೆರಿಗೆ ಸೇರಿ.
ಅದರ ಕೆಳಗೆ, ಬೇರೆ ಶಾಯಿಯಲ್ಲಿ: ಒಂದು ದಿನ.
ಜುಲೈ ಕೊನೆಯ ವಾರ ನಮ್ಮ ಇಳಿಜಾರಿನ ಹುಲ್ಲು ಕೊಯ್ಲಿಗೆ ಬರುತ್ತದೆ,
ಅಲ್ಲಿ ಯಂತ್ರ ನಿಲ್ಲುವುದಿಲ್ಲ.
ಉದ್ದ ಹಿಡಿಯ ಕುಡುಗೋಲು ಮಸೆದಿಟ್ಟಿರುತ್ತೇನೆ,
ಗಂಜಿಯೂ ಇರುತ್ತದೆ.
ಬೂಟು ಮಾತ್ರ ನಿಮ್ಮದೇ ತನ್ನಿ,
ನಮ್ಮಲ್ಲಿರುವುದೆಲ್ಲ ಹೆಂಗಸರ ಅಳತೆ.