ಅಳತೆಕೋಲಿನ ಪಕ್ಕ

ಹತ್ತೊಂಬತ್ತು ವರ್ಷದಿಂದ ಈ ಕೋಲಿನ ಪಕ್ಕ ನಿಂತಿದ್ದೇನೆ.
ಬಣ್ಣ ಬಳಿದ ಮರದ ಕೋಲು, ತುದಿಗೊಂದು ಬಾತುಕೋಳಿ.
ಅದರ ಕೊಕ್ಕಿಗೆ ನೆತ್ತಿ ತಾಗಿದರೆ ಒಳಗೆ,
ತಾಗದಿದ್ದರೆ ಬರುವ ವರ್ಷ.
ಎದೆಯ ಬಿಲ್ಲೆಯಲ್ಲಿ ನನ್ನ ಹೆಸರಿದೆ, ಮಿಗ್ದಾಲಿಯಾ,
ಕೆಳಗೆ ಹುಟ್ಟಿದೂರು, ಪೋನ್ಸೆ.
ಓದಲು ಯಾರಿಗೂ ಪುರುಸೊತ್ತಿಲ್ಲ.
ನೀವು ಓದಿದಿರಿ. ಅದಕ್ಕೇ ಹೇಳುತ್ತೇನೆ, ಕೇಳಿ.

ನಾಳೆ ಬಾಗಿಲು ತೆರೆದಾಗ ಎಲ್ಲರೂ ಬಲಕ್ಕೆ ಓಡುತ್ತಾರೆ,
ಯಾಕೆಂದು ದೇವರಿಗೂ ಗೊತ್ತಿಲ್ಲ.
ನೀವು ಎಡಕ್ಕೆ ಹೋಗಿ.
ಅಲ್ಲಿ ದೋಣಿಗಳು ಇನ್ನೂ ಆಕಳಿಸುತ್ತಿರುತ್ತವೆ,
ಹತ್ತು ಗಂಟೆಯ ತನಕ ನಿಮಗಷ್ಟೇ ತೇಲುತ್ತವೆ.
ಹೊಸ ಬೂಟು ಬೇಡ.
ಒಂದೊಂದು ಜೊತೆ ಒಣ ಕಾಲುಚೀಲ ಇರಲಿ,
ಸಂಜೆ ನಾಲ್ಕಕ್ಕೆ ಅದರ ಮುಂದೆ ಬಂಗಾರ ಯಾವ ಲೆಕ್ಕ?
ಮಗುವಿನ ಮುಂಗೈ ಮೇಲೆ ಫೋನ್ ನಂಬರು ಬರೆಯಿರಿ,
ಬೆವರಿಗೆ ಅಳಿಸುತ್ತದೆ, ಊಟವಾದ ಮೇಲೆ ಮತ್ತೆ ಬರೆಯಿರಿ.
ಕಳೆದುಹೋದ ಮಕ್ಕಳು ಅಳುವುದಿಲ್ಲ, ಗೊತ್ತೆ?
ಅಳುವವರು ಅಪ್ಪಂದಿರು.

ಹನ್ನೊಂದಕ್ಕೇ ಉಂಡುಬಿಡಿ.
ಹನ್ನೆರಡಕ್ಕೆ ಹೋದವರು ಸರದಿಯನ್ನೇ ಉಣ್ಣುತ್ತಾರೆ.
ತಟ್ಟೆಯ ಮೇಲೊಂದು ಕೈ ಇರಲಿ,
ಇಲ್ಲಿನ ಬೆಳ್ಳಕ್ಕಿಗಳು ಮೀನು ಹಿಡಿಯುವುದ ಮರೆತು
ತಲೆಮಾರಾಯಿತು.

ಮೂರಕ್ಕೆ ಮಳೆ ಬರುತ್ತದೆ.
ಫ್ಲಾರಿಡಾದ ಬೇಸಿಗೆ, ಬಂದೇ ಬರುತ್ತದೆ.
ಆಗ ಜನವೆಲ್ಲ ಎದ್ದೆವೋ ಬಿದ್ದೆವೋ ಎಂದು ಗೇಟಿನ ಕಡೆ.
ನೀವು ಓಡಬೇಡಿ.
ಮರದ ಕುದುರೆಗಳ ಚಾವಣಿ ಸೇರಿ,
ಒಳಸಾಲಿನಲ್ಲಿ ಕಿವಿ ಮುರಿದ ಕಂದು ಕುದುರೆಯೊಂದಿದೆ,
ಅದರ ಹತ್ತಿರ ಸೋರುವುದಿಲ್ಲ.
ನಲವತ್ತು ನಿಮಿಷ.
ಆಮೇಲೆ ಇಡೀ ಪಾರ್ಕು ನಿಮ್ಮದು,
ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ.

ಇನ್ನೊಂದು ಮಾತು, ಇದು ನಕ್ಷೆಯಲ್ಲಿಲ್ಲ.
ಟಿಕೆಟ್ಟಿನ ದುಡ್ಡನ್ನು ಮಗುವಿನೆದುರು ಎಣಿಸಬೇಡಿ.
ಕಾಸಿಗೆ ತಕ್ಕ ಕಜ್ಜಾಯ, ಅದು ಅಂಗಡಿ ಬೀದಿಯ ಮಾತು.
ಹೋದ ಜುಲೈಯಲ್ಲಿ ಒಬ್ಬ, ಓಹಾಯೋದವ,
ಕೈಯಲ್ಲಿ ನಿಮಿಷ ನಿಮಿಷದ ಪಟ್ಟಿ.
ಮಗಳು ನೆಲಕ್ಕೆ ಕೂತು ಇರುವೆಸಾಲು ನೋಡುತ್ತಿದ್ದಳು.
ಅಲ್ಲೂ ಸರದಿಯೇ, ಯಾರೂ ಗೊಣಗುತ್ತಿರಲಿಲ್ಲ.
"ಏಳು, ಇದಕ್ಕಾ ನಾವು ಬಂದದ್ದು?" ಎಂದ.
ಹೌದು ಸ್ವಾಮಿ, ಅನ್ನಬೇಕೆನಿಸಿತು.
ನನ್ನ ಬಾಯಿಯೂ ಸಮವಸ್ತ್ರ ತೊಟ್ಟಿತ್ತು.

ಬೂಟಿನೊಳಗೆ ಕಾಗದ ತುರುಕಬೇಡಿ,
ನಡಿಗೆ ನನಗೆ ಚಾಡಿ ಹೇಳುತ್ತದೆ.
ನನ್ನ ಯಾದಿಯೆಲ್ ತುರುಕಿಕೊಂಡು ಬಂದಿದ್ದ,
ಕೆಲಸದವರ ಮನೆಮಂದಿಗೆ ಪುಕ್ಕಟೆ ಬಿಡುವ ದಿನ.
ಎರಡು ಬೆರಳು ಕಡಿಮೆ.
ಹಿಂದೆ ನಿಂತವರು ನೋಡುತ್ತಿದ್ದರು.
ಬರುವ ವರ್ಷ ಮಗನೇ, ಅಂದೆ.
ಬಂದ ವರ್ಷ ಆ ದಿನ ನನಗೆ ಎರಡು ಪಾಳಿ.
ಅದರ ಮರುವರ್ಷ ಬಂದು ನಿಂತ,
ಬಾತುಕೋಳಿ ಅವನ ಕಿವಿಯ ಹತ್ತಿರವಿತ್ತು.
"ಬಿಡಮ್ಮ, ಅದು ಚಿಕ್ಕವರದ್ದು" ಎಂದು
ನನ್ನ ಟೋಪಿ ಸರಿಮಾಡಿ ಹೋದ.
ಆಗದಿದ್ದಕ್ಕೂ ಬೇಡವಾದದ್ದಕ್ಕೂ ನಡುವೆ
ಒಂದು ಸರಿಯಾದ ದಿನ ಇದ್ದಿರಬೇಕು.
ಮಂಗಳವಾರವೋ ಏನೋ.
ನಾನು ಇಲ್ಲೇ ನಿಂತು
ಯಾರ ಯಾರ ಮಕ್ಕಳನ್ನೋ ಅಳೆಯುತ್ತಿದ್ದೆ.

ಸರಿ, ಸರದಿ ಬೆಳೆಯಿತು.
ಎಲ್ಲಿ, ನಿಮ್ಮವಳು ಮುಂದೆ ಬರಲಿ.
ಹಿಮ್ಮಡಿ ಕೂಡಿಸು ಪುಟ್ಟಿ, ಬೆನ್ನು ನೇರ,
ಉಸಿರು ಹಿಡಿಯಬೇಡ, ಅದಕ್ಕೇನೂ ಎತ್ತರ ಬರುವುದಿಲ್ಲ.
ಅಯ್ಯೋ, ಒಂದೂವರೆ ಬೆರಳು.

ಅಳಬೇಡ.
ಕಿವಿ ಮುರಿದ ಕುದುರೆಗೆ ಅಳತೆಯಿಲ್ಲ,
ಈಗಲೇ ಹೋಗಿ.
ಅಗೋ, ಕೆರೆಯಾಚೆ ಮೋಡ.
ಓಡಬೇಡಿ ಅಂದೆನಲ್ಲ.