ಇಲ್ಲಣ

ಕುಲುಮೆಯಲ್ಲಿ ಎರಡು ಗಂಟೆ ಸುಟ್ಟ ಮೇಲಷ್ಟೇ
ಈ ಬಿಲ್ಲೆ ಬೆಳ್ಳಗಿದೆಯೆಂದು ನಂಬುತ್ತೇವೆ.
ಸ್ಫಟಿಕದ ನೂಲಲ್ಲಿ ನೆಯ್ದದ್ದು, ಅಂಗೈ ಗುಳಿಯಷ್ಟು ಅಗಲ.
ಚಿಮುಟದಲ್ಲೇ ಎತ್ತಬೇಕು, ಉಸಿರು ಬಿಗಿಹಿಡಿದು.
ಬೆರಳಿನ ಜಿಡ್ಡಿಗೂ ತೂಕವಿದೆ ಈ ತಕ್ಕಡಿಯಲ್ಲಿ.

ಫುಜೈರಾದ ಬಂದರು ರಸ್ತೆ, ಮೂರನೇ ಗೇಟು.
ಕಂಟೇನರಿನ ನೆತ್ತಿಯ ಮೇಲೆ ನನ್ನ ಯಂತ್ರದ ಮೂಗು.
ಎದುರಿಗೆ ಲಂಗರು ಹಾಕಿದ ಎಣ್ಣೆ ಹಡಗುಗಳು
ರೇಷನ್ ಸಾಲಿನಲ್ಲಿ ನಿಂತವರ ಹಾಗೆ
ಬೀಡಿ ಸೇದುತ್ತ ಕಾಯುತ್ತವೆ.
ಬೆನ್ನಿಗೆ ಹುಲ್ಲುಗರಿಯೂ ಇಲ್ಲದ ಕಂದು ಬೆಟ್ಟ.
ಒಂದು ಯಂತ್ರ ದಿನವಿಡೀ ಬಿಲ್ಲೆಗೆ ಮಸಿ ಕುಡಿಸುತ್ತದೆ,
ಪಕ್ಕದ್ದು ನಿಮಿಷಕ್ಕೊಮ್ಮೆ ದೀಪ ಹಾಯಿಸಿ
ಎಷ್ಟು ಬೆಳಕು ಸತ್ತಿತೆಂದು ಬರೆದಿಡುತ್ತದೆ.

ಅಪ್ಪ ಅರಸೀಕೆರೆ ಶೆಡ್ಡಿನಲ್ಲಿ ಫೈರ್‌ಮನ್.
ಡ್ಯೂಟಿ ಮುಗಿಸಿ ಬಂದು ಮೂಗು ಸೀಟಿದ ಕರ್ಚೀಫು
ನಾನು ಕಂಡ ಮೊದಲ ಫಿಲ್ಟರು.
ಯಾರೂ ತೂಗಲಿಲ್ಲ. ಅಮ್ಮ ಸಬಕಾರ ಹಾಕಿ ಕುಕ್ಕಿದಳು.

ಸೂಕ್ಷ್ಮದರ್ಶಕದಲ್ಲಿ ಅದು ಮೀನಿನ ತತ್ತಿಯಂತೆ,
ಸೊನ್ನೆಗೆ ಸೊನ್ನೆ ಅಂಟಿಕೊಂಡ ಗೊಂಚಲು.
ಅಜ್ಜಿ ಇದಕ್ಕೆ ಇಲ್ಲಣ ಅನ್ನುತ್ತಿದ್ದಳು,
ಒಲೆಯ ಮೇಲಿನ ಜಂತೆಯಿಂದ ಜೋಲುವ ಕಪ್ಪು ಎಳೆ.
ಇಲ್ಲ ಅನ್ನುವುದೂ ಅಣು ಅನ್ನುವುದೂ ಒಂದೇ ಮಾತಿನಲ್ಲಿ.
ವ್ಯಾಕರಣದವರು ಒಪ್ಪಲಿಕ್ಕಿಲ್ಲ.
ನಾನು ಒಪ್ಪಿ ಹನ್ನೊಂದು ವರ್ಷವಾಯಿತು.

ಜುಲೈನಲ್ಲಿ ಒಂದು ಗೆರೆ ಕಾಟ ಕೊಡಲು ಶುರುಮಾಡಿತು.
ಹನ್ನೆರಡೂ ನಲವತ್ತಕ್ಕೆ ಎದ್ದು ನಿಲ್ಲುತ್ತದೆ,
ಮೂರಕ್ಕೆ ಐದು ನಿಮಿಷವಿದ್ದಾಗ ಮಲಗುತ್ತದೆ.
ಹಡಗು ಅಂದುಕೊಂಡೆ.
ಗಾಳಿ ಬೆಟ್ಟದ ಕಡೆಯಿಂದ ಬೀಸಿದ ದಿನವೂ ಅದೇ ಗೆರೆ.
ಭಾನುವಾರ ಮಾತ್ರ ಇಲ್ಲ.
ಹಡಗಿಗೆಲ್ಲಿಯ ಭಾನುವಾರ?

ಟೋಪಿ ಹಾಕಿಕೊಂಡು ನಡೆದೆ. ದೂರವೇನಿಲ್ಲ, ಗೋಡೆಯಾಚೆ.
ಹಳೇ ಬಿಳಿ ಬಸ್ಸು, ಎಂಜಿನ್ ಗುರುಗುಡುತ್ತಿತ್ತು.
ಬೇಸಿಗೆಯ ಕಾನೂನು, ಈ ಹೊತ್ತು ಬಿಸಿಲಲ್ಲಿ ಕೆಲಸ ಕೂಡದು.
ನೆರಳೆಲ್ಲಿ ಎಂದು ಕಾನೂನು ಹೇಳಿಲ್ಲ.
ಒಳಗೆ ಮೂವತ್ತೆಂಟು ಜನ,
ತೊಡೆಯ ಮೇಲೆ ಹೆಲ್ಮೆಟ್ಟು, ಗಾಜಿಗೆ ಒರಗಿದ ತಲೆಗಳು,
ಒಬ್ಬನ ರೆಪ್ಪೆಯ ಮೇಲೆ ಸಿಮೆಂಟು,
ಒಬ್ಬ ನಿದ್ದೆಯಲ್ಲೇ ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದ.
ಡ್ರೈವರ್ ಗುಲ್ ಜಮಾನ್ ಬೆರಳನ್ನು ತುಟಿಗಿಟ್ಟ.
"ಎಂಜಿನ್ ಆರಿಸಿದರೆ ಏಸಿ ಸಾಯುತ್ತೆ, ಬೆಹನ್.
ಹೊರಗೆ ನಲವತ್ತೇಳು."

ಅವರು ಮಲಗಿದಾಗ ಏಳುವ ಗೆರೆ,
ಅವರು ಎದ್ದಾಗ ಮಲಗುತ್ತಿತ್ತು.

"ಸ್ಥಳೀಯ ಮೂಲ. ಕತ್ತರಿಸಿಬಿಡು," ಅಂದರು ಮೋನ್ಸೆಫ್.
"ನಮಗೆ ಬೇಕಾದದ್ದು ಹಡಗು."
ತಪ್ಪಲ್ಲ. ಪದ್ಧತಿ ಹಾಗೇ ಇದೆ.
ಅವರೇನು ಕೆಟ್ಟವರಲ್ಲ, ಮಧ್ಯಾಹ್ನದ ಖರ್ಜೂರವನ್ನು
ಎಣಿಸದೆ ಹಂಚುವ ಮನುಷ್ಯ.
ಕತ್ತರಿಸಲು ಒಂದೇ ಗುಂಡಿ ಸಾಕು.
ಕರ್ಸರ್ ಮಿಟುಕುತ್ತ ಕೂತಿತ್ತು.

ಆ ಹೊಗೆಯನ್ನು ನಾನು ಒಳ್ಳೆಯದೆನ್ನಲಾರೆ.
ಅವರ ಕಿಟಕಿಯ ಸಂದಿನಿಂದ ಅದೇ ಹೊಗೆ
ಅವರ ಎದೆಗೇ ಮರಳುತ್ತದೆಂದು ಬಲ್ಲೆ.
ಬಿಲ್ಲೆಯನ್ನಾದರೆ ಒಲೆಗಿಟ್ಟು ಮತ್ತೆ ಸುಟ್ಟು
ಮೈಕ್ರೋಗ್ರಾಂ ಲೆಕ್ಕದಲ್ಲಿ ಹೇಳಬಲ್ಲೆ.
ಎದೆಯನ್ನು ಯಾವ ಒಲೆಗಿಡಲಿ?

ಷರಾ ಬರೆಯುವ ಖಾನೆಯಲ್ಲಿ ಜಾಗ ಕಡಿಮೆ.
"೩೮ ಜನರ ನಿದ್ದೆ" ಎಂದು ಬರೆದೆ, ಕನ್ನಡದಲ್ಲೇ.
ಇದೇನು ಕೋಡ್ ಎಂದು ಅವರು ಕೇಳಿದರು.
ಮೂಲದ ಹೆಸರು ಅಂದೆ.
ಗೆರೆ ಇದ್ದಲ್ಲೇ ಇದೆ, ಇನ್ನೂ.

ಆವತ್ತು ಕೊನೆಯವರೆಗೂ ನಿಂತಿದ್ದೆ.
ಮೂರಕ್ಕೆ ಐದು ನಿಮಿಷ.
ಗುಲ್ ಜಮಾನ್ ಹಾರ್ನ್ ಒತ್ತಲಿಲ್ಲ, ಯಾರನ್ನೂ ಕರೆಯಲಿಲ್ಲ,
ಎಂಜಿನ್ ಆರಿಸಿದನಷ್ಟೇ.
ಆ ಮೌನಕ್ಕೆ ಮೂವತ್ತೆಂಟೂ ಜನ ಕಣ್ಣುಬಿಟ್ಟರು.

ಅಪ್ಪನೂ ಹಾಗೇ.
ದೂರದ ಶೆಡ್ಡಿನಲ್ಲಿ ಯಾವುದೋ ಎಂಜಿನ್ ತಣ್ಣಗಾದರೆ
ನಡುರಾತ್ರಿ ಎದ್ದು ಕೂರುತ್ತಿದ್ದ.